ನಡೆದು ನೋಡಿದ ನೆಲ

ಗಾಳಿ ಬೀಸದಿರಲಿ ಸಾಯ್ಬಾ, ಇವತ್ತೊಂದು ದಿನ ಬೀಸದಿರಲಿ ಎಂದು ರೋಕ್ ದೇವರಲ್ಲಿ ಬೇಡಿಕೊಳ್ಳುತ್ತಿದ್ದ. ಶುಕ್ರವಾರದ ಪೂಜೆ; ಚರ್ಚಿನೊಳಗೆ ಕಾಲಿಡಲು ಜಾಗವಿಲ್ಲ, ಬಾಗಿಲಾಚೆಯೂ ಜನ ನಿಂತಿದ್ದಾರೆ. ಆ ತಲೆಗಳ ಮೇಲಿಂದ ಅಂಗಳದ ಖರ್ಜೂರದ ಮರದ ಒಂದೇ ಒಂದು ಗರಿ ಅವನಿಗೆ ಕಾಣುತ್ತಿತ್ತು. ಅದು ಅಲ್ಲಾಡಿದಾಗ ಬೇಡಿಕೆಯನ್ನು ಮೊದಲಿನಿಂದ ಶುರುಮಾಡುತ್ತಿದ್ದ. ಗರಿ ನಿಂತಾಗ ದೇವರಿದ್ದಾನೆ ಅನ್ನಿಸುತ್ತಿತ್ತು. ಸ್ವಂತ ಕೈಯಿಂದ ಹಾಯಿಗಾಡಿ ಕಟ್ಟಿದವನು ಗಾಳಿ ಬೇಡವೆಂದು ಮೊಣಕಾಲೂರುವುದೆಂದರೆ ಅಂಗಡಿ ತೆರೆದು ಕುಳಿತವನು ಗಿರಾಕಿ ಬಾರದಿರಲಿ ಎಂದ ಹಾಗಾಯಿತು. ಆದರೆ ರೋಕ್‌ನ ಪಾಡು ಹಾಗೆಯೇ ಇತ್ತು. ಪಕ್ಕದಲ್ಲಿ ಸ್ಯಾಮುವೆಲ್. ಅವನು ಬಾಸೆಲ್ ಮಿಷನ್ ಕಡೆಯ ಪ್ರೊಟೆಸ್ಟೆಂಟ್. ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ತಿಳಿಯದೆ ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ಏಳುತ್ತ, ಆದರೂ ಒಂದಿಷ್ಟೂ ಸಂಕೋಚವಿಲ್ಲದೆ ಸುತ್ತ ನೋಡಿ ನಗುತ್ತಿದ್ದ. ಹಾಗೆ ತಪ್ಪು ಮಾಡಿಯೂ ಹಾಯಾಗಿರುವುದು ಅವನಿಗೆ ಮೊದಲಿನಿಂದಲೂ ಗೊತ್ತು. ಮದುವೆಗೆ ಮುಂಚೆ ಈ ಕೊಲ್ಲಿ ದೇಶದ ಫರ್ವಾನಿಯಾದಲ್ಲಿ ಒಂದೇ ಕೋಣೆಯಲ್ಲಿ ಇಬ್ಬರೂ ವರ್ಷಗಟ್ಟಲೆ ಇದ್ದಾಗಲೂ ಅಷ್ಟೇ: ಅನ್ನ ಸೀದರೆ ಸ್ಯಾಮುವೆಲ್ ಆ ಸೀದ ಅನ್ನವನ್ನೇ ಬಡಿಸಿಕೊಂಡು, ಚೆನ್ನಾಗಿ ಉಂಟು ತಿನ್ನು ಎನ್ನುತ್ತಿದ್ದ. ರೋಕ್ ಸೀದಿಸಿದರೆ ಅದನ್ನು ಪೇಪರಿನಲ್ಲಿ ಸುತ್ತಿ, ಯಾರೂ ಕಾಣದ ಹಾಗೆ ಕೆಳಗೆ ಹೋಗಿ ಎಸೆದು ಬರುತ್ತಿದ್ದ.

ಈಗ ಸ್ಯಾಮುವೆಲ್ ಕೆನಡಾದವನು. ಊರಿಗೆ ಹೋಗುವ ದಾರಿಯಲ್ಲಿ ಇಲ್ಲಿ ಇಳಿದಿದ್ದಾನೆ, ಅದೂ ಯಾಕೆ, ರೋಕ್‌ನ ಹಾಯಿಗಾಡಿ ನೋಡಲಿಕ್ಕೆ. ಅಲ್ಲಿ ಅವನ ಮನೆಯ ಹತ್ತಿರದ ಸರೋವರ ಚಳಿಗಾಲದಲ್ಲಿ ಕಲ್ಲಾಗುತ್ತದೆ. ಅವನೂ ನೆರೆಯವರೂ ತಮ್ಮ ತಮ್ಮ ಗ್ಯಾರೇಜಿನಲ್ಲಿ ಹಲಗೆ ಕೊಯ್ದು, ಕೆಳಗೆ ಉಕ್ಕಿನ ಅಲಗು ಕೂರಿಸಿ, ಮೇಲೆ ಹಾಯಿ ಏರಿಸಿ ಐಸ್ ಬೋಟು ಕಟ್ಟುತ್ತಾರೆ. ಆ ಮಂಜುಗಡ್ಡೆಯ ಮೇಲೆ ಬೀಸುವ ಗಾಳಿಗಿಂತಲೂ ವೇಗವಾಗಿ ಹೋಗುತ್ತಾರೆ. ಮೊದಲ ವಿಡಿಯೊ ಬಂದ ದಿನ ರೋಕ್ ಅದನ್ನು ಆಫೀಸಿನ ಕಕ್ಕಸಿನಲ್ಲಿ ನಿಂತು ಮತ್ತೆ ಮತ್ತೆ ನೋಡಿದ್ದ. ಐಸಿನ ಮೇಲೆ ಅಲಗು ಕೊಯ್ಯುವ ಸದ್ದು, ಅದರ ಹಿಂದೆ ಸ್ಯಾಮುವೆಲ್‌ನ ನಗು. ಹೊಟ್ಟೆಕಿಚ್ಚು ಎಂದರೆ ಸುಳ್ಳಾಗದು. ನಾನೂ ಕಟ್ಟುತ್ತಿದ್ದೇನೆ, ಇಲ್ಲಿ ಐಸಿಲ್ಲ, ಚಕ್ರ ಹಾಕುತ್ತೇನೆ ಎಂದು ಬರೆದ. ಅದು ನಿಜವೂ ಆಯಿತು. ರಾಯ್ ಎಂಬವನ ಅಲ್ಯುಮಿನಿಯಂ ವರ್ಕ್‌ಶಾಪಿನಲ್ಲಿ ಕಿಟಕಿ ಬಾಗಿಲುಗಳ ನಕ್ಷೆ ಬರೆಯುವುದು ಅವನ ಕೆಲಸ. ಸ್ಯಾಮುವೆಲ್ ಕಳಿಸಿದ ಐಸ್ ಬೋಟಿನ ನಕ್ಷೆಯನ್ನೇ ತಿದ್ದಿ, ಅಲಗುಗಳ ಜಾಗಕ್ಕೆ ಕೈಗಾಡಿಯ ಚಕ್ರಗಳನ್ನು ಕೊಟ್ಟು, ಕೆಲಸ ಬಿಟ್ಟ ಮೇಲೆ ಹಿಂದಿನ ಶೆಡ್ಡಿನಲ್ಲಿ ಕುಳಿತು ಕಟ್ಟಿದ. ಎರಡು ಚಕ್ರ ಅಡ್ಡ ಹಲಗೆಯ ತುದಿಗಳಲ್ಲಿ, ಕಾಲಿನಿಂದ ತಿರುಗಿಸುವ ಒಂದು ಚಕ್ರ ಮುಂದೆ, ಕುಳಿತುಕೊಳ್ಳಲು ಇಬ್ಬರಿಗೆ ಜಾಗ. ಚೆಂದವಾಗಿಯೇ ಬಂತು. ಅಲ್ಲಿಯವರೆಗೆ ಸುಳ್ಳಿಲ್ಲ.

ಸುಳ್ಳು ಶುರುವಾದದ್ದು ಒಂದು ಸಾದಾ ಪ್ರಶ್ನೆಯಿಂದ. ತೆಗೆದುಕೊಂಡು ಹೋದಿಯಾ, ಓಡಿಸಿದಿಯಾ ಎಂದು ಸ್ಯಾಮುವೆಲ್ ಕೇಳಿದ್ದ, ರೋಕ್‌ನ ಬೆರಳು ಹ್ಞೂಂ, ಸೂಪರಾಯ್ತು ಎಂದು ಒತ್ತಿಬಿಟ್ಟಿತ್ತು. ಓಡಿಸಿರಲಿಲ್ಲ. ಹಾಯಿ ಏರಿಸಿ ಶೆಡ್ಡಿನ ಮುಂದೆ ಒಮ್ಮೆ ಸುಮ್ಮನೆ ಹತ್ತಿ ಕುಳಿತಿದ್ದ, ಅಷ್ಟೇ. ಎಲ್ಲಿಂದಲೋ ಒಂದು ಗಾಳಿ ಬಂದು ಹಾಯಿ ತುಂಬಿ, ಗಾಡಿ ಯಾರೂ ಮುಟ್ಟದೆಯೇ ತಾನಾಗಿ ಒಂದು ಮೊಳ ಮುಂದೆ ಹೋಯಿತು. ಆ ಒಂದು ಮೊಳದಲ್ಲಿ ರೋಕ್‌ನ ಜೀವ ಬಾಯಿಗೆ ಬಂದು ಅವನು ಕೆಳಗೆ ಹಾರಿದ, ಹಾರಿದ ಭರದಲ್ಲಿ ಅಂಗೈ ಊರಿ ಬಿದ್ದ. ಗೇಟಿನ ಕಾವಲುಗಾರ ಕ್ಯಾ ಹುವಾ ಭಾಯಿ ಎಂದು ಕೇಳಿ, ಕೇಳಿದ ಮೇಲೆ ನಕ್ಕ. ಆಮೇಲೆ ಪ್ರತಿ ಶುಕ್ರವಾರಕ್ಕೂ ಒಂದೊಂದು ಕಾರಣ ಸಿಕ್ಕಿತು: ಸೆಕೆ, ಧೂಳು, ಯಾರದೋ ಮಗುವಿನ ಬ್ಯಾಪ್ಟಿಸಮ್ಮು. ಫೋನಿನಲ್ಲಿ ಮಾತ್ರ ಗಾಡಿ ಓಡುತ್ತಲೇ ಇತ್ತು. ಸ್ಯಾಮುವೆಲ್ ಬರುತ್ತೇನೆ ಎಂದಾಗ ಬಾ ಎನ್ನದೆ ದಾರಿಯಿರಲಿಲ್ಲ. ಈಗ ಗಾಳಿಯೊಂದು ಬಾರದಿದ್ದರೆ ಛೆ, ನಿನ್ನ ಯೋಗವೇ ಇಲ್ಲ ಮಾರಾಯ ಎಂದು ಹೇಳಿ, ಊಟ ಮಾಡಿ, ಏರ್‌ಪೋರ್ಟಿಗೆ ಬಿಟ್ಟು ಬರಬಹುದು. ಎಲ್ಲರೂ ಎದ್ದು ನಿಂತರು. ಗರಿ ಜನರ ತಲೆಗಳ ಹಿಂದೆ ಮುಚ್ಚಿಹೋಯಿತು.

ಹೊರಗೆ ಬಂದಾಗ ಗಾಳಿ ಇತ್ತು. ಜೋರೇನಲ್ಲ, ಆದರೆ ಪಾರ್ಕಿಂಗಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಕಾರುಗಳ ಕೆಳಗೆ ನುಸುಳುತ್ತ ಈ ತುದಿಯಿಂದ ಆ ತುದಿಗೆ ಹೋಯಿತು, ಸ್ಯಾಮುವೆಲ್ ಅದನ್ನು ಕೊನೆಯವರೆಗೂ ನೋಡಿದ.

"ಒಳ್ಳೆ ಗಾಳಿ ಉಂಟಲ್ಲ ಮಾರಾಯ," ಎಂದ. ಅವನಿಗೆ ಕೊಂಕಣಿ ಎಂದೂ ತಲೆಗೆ ಹತ್ತಲಿಲ್ಲ. ಇಬ್ಬರ ನಡುವಿನ ಮಾತು ಅಂದಿನಿಂದ ಇಂದಿನವರೆಗೆ ಮಂಗಳೂರು ಕನ್ನಡದಲ್ಲೇ.

"ಮಧ್ಯಾಹ್ನ ಆಗುವಾಗ ಬಿದ್ದುಹೋಗ್ತದೆ," ಎಂದ ರೋಕ್.

"ಇನ್ನೂ ಏರ್ತದೆ. ವೆದರ್ ಆ್ಯಪಲ್ಲಿ ನೋಡಿದ್ದೇನೆ."

ರೋಕ್‌ನ ಹೆಂಡತಿ ಕಾರ್ಮೆಲ್ ಡಿಕ್ಕಿಯಲ್ಲಿ ಸಾನ್ನಾಂ ಮತ್ತು ಕೋಳಿ ಸುಕ್ಕದ ಡಬ್ಬಿಗಳನ್ನು ಜೋಡಿಸುತ್ತಿದ್ದಳು. ಆಸ್ಪತ್ರೆಯ ನೈಟ್ ಡ್ಯೂಟಿ ಮುಗಿಸಿ ಬಂದು ಮಲಗದೆಯೇ ಅಡುಗೆ ಮಾಡಿದ ಹೆಂಗಸು. "ಗಾಳಿ ಏರುವುದಾದ್ರೆ ಯಾಕೆ ಈ ಉಸಾಬರಿ," ಎಂದಳು. "ಸಮುದ್ರದ ಹತ್ತಿರ ಕೂತು ಊಟ ಮಾಡಿ ಬರುವ." ರೋಕ್‌ಗೆ ಹೆಂಡತಿಯ ಕೈ ಹಿಡಿದುಕೊಳ್ಳಬೇಕೆನ್ನಿಸಿತು. ಹೌದು, ಕಾರ್ಮೆಲ್ ಹೇಳುವುದು ಸರಿ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಆಶ್ಲಿ ಹಿಂದಿನ ಸೀಟಿನಿಂದ ತಲೆ ಹೊರಹಾಕಿ, "ನೋ ವೇ ಮಮ್ಮಾ," ಎಂದಳು. "ಪಪ್ಪಾ ಪ್ರಾಮಿಸ್ ಮಾಡಿದ್ದಾನೆ." ಹತ್ತನೆಯ ತರಗತಿಯ ಹುಡುಗಿ, ಯಾವ ಭಾಷೆಯಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವವಳು ಅಪ್ಪನ ಪ್ರಾಮಿಸ್ಸಿನ ಮಾತು ಬಂದಾಗ ಮಾತ್ರ ಹೀಗೆ ಕಲಬೆರಕೆ ಮಾಡುತ್ತಿದ್ದಳು. ಪ್ರಾಮಿಸ್ ಮಾಡಿದ್ದು ನಿಜ. ಯಾವತ್ತೋ, ಗಾಡಿಯಿನ್ನೂ ಹಲಗೆಗಳ ರಾಶಿಯಾಗಿದ್ದಾಗ.

ಭೋಜ ಓಡಿಸುತ್ತಿದ್ದ ಹಾಫ್ ಲಾರಿ ಫಹಾಹೀಲ್ ರಸ್ತೆಯಲ್ಲಿ ಮುಂದೆ ಹೋಗುತ್ತಿತ್ತು. ಅದರ ಹಿಂದೆ ರೋಕ್‌ನ ಕಾರು. ಲಾರಿಯ ಮೇಲೆ ಮಲಗಿಸಿ ಕಟ್ಟಿದ ಗಾಡಿಯ ಮೂರು ಚಕ್ರಗಳೂ ಕಾಣುತ್ತಿದ್ದವು, ಗಾಳಿಗೆ ಮುಂದಿನ ಚಕ್ರ ತಾನಾಗಿ ಸುತ್ತುತ್ತಿತ್ತು. ಭೋಜ ವರ್ಕ್‌ಶಾಪಿನ ಡ್ರೈವರು, ಉಪ್ಪಿನಂಗಡಿ ಕಡೆಯವನು. ಗಾಡಿ ವರ್ಕ್‌ಶಾಪಿನ ಗೇಟು ದಾಟಿದ್ದು ಇವತ್ತೇ ಮೊದಲು ಎಂದು, ಆ ಕಾವಲುಗಾರನನ್ನು ಬಿಟ್ಟರೆ, ಈ ಭೂಮಿಯ ಮೇಲೆ ಖಚಿತವಾಗಿ ಗೊತ್ತಿದ್ದ ಇನ್ನೊಬ್ಬ ಮನುಷ್ಯ. ಬೆಳಿಗ್ಗೆ ಗಾಡಿ ಹೇರುವಾಗ ರೋಕ್ ಅವನನ್ನು ಬದಿಗೆ ಕರೆದು, ಅಲ್ಲಿ ಜಾಸ್ತಿ ಮಾತಾಡುದು ಬೇಡ ಭೋಜ ಎಂದಿದ್ದ. ಎಂತದ್ದರ ಬಗ್ಗೆ ರೋಕಣ್ಣ ಎಂದು ಕೇಳಿದ್ದ ಭೋಜ. ಎಂತದ್ದರ ಬಗ್ಗೆಯೂ ಬೇಡ. ಭೋಜ ಒಂದು ಕ್ಷಣ ನೋಡಿ, ಆಯ್ತು ಎಂದು ಹಗ್ಗ ಬಿಗಿಯತೊಡಗಿದ. ಆ ಒಂದು ಕ್ಷಣದ ನೋಟ ರೋಕ್‌ನ ಬೆನ್ನಿಗೆ ಈಗಲೂ ಅಂಟಿಕೊಂಡಿತ್ತು. ಪಕ್ಕದಲ್ಲಿ ಸ್ಯಾಮುವೆಲ್ ಹಿಂದೆ ತಿರುಗಿ ಆಶ್ಲಿಗೆ ಐಸಿನ ಕಥೆ ಹೇಳುತ್ತಿದ್ದ: ಗಾಳಿ ಬಿದ್ದರೆ ಸರೋವರದ ನಡುವೆ ನಿಂತುಬಿಡುವುದು, ಮೀಸೆ ಹೆಪ್ಪುಗಟ್ಟುವುದು, ಬ್ರೇಕೆಂಬುದೇ ಇಲ್ಲದ್ದರಿಂದ ನಿಲ್ಲಿಸಬೇಕಾದರೆ ಗಾಳಿಗೆ ಮುಖ ಮಾಡಿ ಹಗ್ಗ ಸಡಿಲಬಿಡುವುದು. ಹೌದಲ್ಲ ರೋಕ್ ಎಂದು ನಡುನಡುವೆ ಅವನನ್ನೂ ಸೇರಿಸಿಕೊಳ್ಳುತ್ತಿದ್ದ. ಹೌದು ಎನ್ನುತ್ತಿದ್ದ ರೋಕ್. ಕೆನಡಾಕ್ಕೆ ಇಬ್ಬರೂ ಒಟ್ಟಿಗೇ ಅರ್ಜಿ ಹಾಕಿದ್ದರು. ಇಂಗ್ಲಿಷಿನ ಪರೀಕ್ಷೆಯಲ್ಲಿ ಓದುವುದು ಬರೆಯುವುದೆಲ್ಲ ಸರಿಯಾಗಿ, ಕೇಳಿಸಿಕೊಳ್ಳುವ ಭಾಗದಲ್ಲಿ ರೋಕ್ ಬಿದ್ದ. ಹೆಡ್‌ಫೋನಿನಲ್ಲಿ ಒಬ್ಬ ಹೆಂಗಸು ಏನೋ ಒಂದು ವಿಳಾಸ ಹೇಳುತ್ತಿದ್ದಳು, ಅವನಿಗೆ ಕೇಳಿಸಿದ್ದು ಪಕ್ಕದ ಹುಡುಗಿಯ ಪೆನ್ಸಿಲಿನ ಸದ್ದು ಮಾತ್ರ. ಇನ್ನೊಮ್ಮೆ ಬರೆಯಿರಿ ಎಂದಿದ್ದಳು ಕಾರ್ಮೆಲ್. ಇಲ್ಲಿ ಏನು ಕಡಿಮೆಯಾಗಿದೆ ಎಂದು ಅವಳ ಮೇಲೆಯೇ ಹರಿಹಾಯ್ದಿದ್ದ. "ಹೌದಲ್ಲ ರೋಕ್?" ಎಂದ ಸ್ಯಾಮುವೆಲ್. ಏನು ಕೇಳಿದನೋ ತಿಳಿಯಲಿಲ್ಲ. "ಹೌದು ಹೌದು," ಎಂದ ರೋಕ್.

ಫಹಾಹೀಲ್ ದಾಟಿ, ಹೆದ್ದಾರಿ ಬಿಟ್ಟು, ಚಳಿಗಾಲಕ್ಕೆಂದು ಅರಬರು ಹೊಡೆದ ಡೇರೆಗಳ ಸಾಲನ್ನೂ ಹಿಂದೆ ಹಾಕಿದ ಮೇಲೆ ನೆಲ ಚಪ್ಪಟೆಯಾಯಿತು. ಇಲ್ಲಿಯವರು ಸಬ್ಖಾ ಎನ್ನುವ ಉಪ್ಪಿನ ಬಯಲು. ಒಂದು ಪೊದೆಯಿಲ್ಲ, ಕಲ್ಲಿಲ್ಲ, ದೂರದಲ್ಲಿ ಕರೆಂಟಿನ ಟವರುಗಳ ಒಂದು ಸಾಲು ಬಿಟ್ಟರೆ ಕಣ್ಣಿಗೆ ಅಡ್ಡ ಬರುವುದು ಏನೂ ಇಲ್ಲ. ಬಿಸಿಲಿಗೆ ಉಪ್ಪು ಬೆಳ್ಳಗೆ ಮಿನುಗುತ್ತಿತ್ತು. ಸ್ಯಾಮುವೆಲ್ ಕಾರಿನಿಂದಿಳಿದು ಕೈ ಸೊಂಟದ ಮೇಲಿಟ್ಟು ಬಯಲಿನ ಉದ್ದಗಲವನ್ನು ಕಣ್ಣಲ್ಲೇ ಅಳೆದ. "ನಮ್ಮ ಸರೋವರದ ಹಾಗೇ ಉಂಟು," ಎಂದ ಕೊನೆಗೆ. ನೀನು ಪುಣ್ಯವಂತ ಎಂದೂ ಹೇಳಿದ. ಹೊಗಳಿಸಿಕೊಳ್ಳುವ ಹಕ್ಕು ತನಗಿಲ್ಲದ ಜಾಗ ಅದು; ಈ ಬಯಲನ್ನು ರೋಕ್ ನೋಡಿದ್ದು ಮ್ಯಾಪಿನಲ್ಲಿ, ಮತ್ತೆ ಒಮ್ಮೆ ಹೆದ್ದಾರಿಯ ಮೇಲಿಂದ. ಆದರೂ ಹೊಗಳಿಕೆ ಒಳಗಿಳಿದು ಬೆಚ್ಚಗಾಯಿತು. ಮನುಷ್ಯನ ನಾಚಿಕೆಗೇಡಿಗೆ ಕೊನೆಯಿದೆಯೇ ಎಂದು ತನ್ನನ್ನೇ ಬೈದುಕೊಂಡ.

ಎಲ್ಲರೂ ಸೇರಿ ಗಾಡಿ ಇಳಿಸಿದರು. ಕಂಬ ನಿಲ್ಲಿಸಿ ಹಾಯಿ ಬಿಚ್ಚಿದಾಗ ಆಶ್ಲಿ ಕಿಸಕ್ಕನೆ ನಕ್ಕಳು. ಹಾಯಿ ಕತ್ತರಿಸಿದ್ದು ಕಳೆದ ವರ್ಷದ ಕೊಂಕಣಿ ಸಂಘದ ನಾಟಕದ ಫ್ಲೆಕ್ಸಿನಿಂದ. ಪ್ರಾಯೋಜಕರ ನಗುಮುಖ ತಲೆಕೆಳಗಾಗಿ, ಹಲ್ಲು ಮೇಲೆ ಕಣ್ಣು ಕೆಳಗೆ, ಗಾಳಿಗೆ ಉಬ್ಬಿಕೊಳ್ಳುತ್ತಿತ್ತು. ಸ್ಯಾಮುವೆಲ್ ಕೂಡ ನಕ್ಕ, ನಗುತ್ತಲೇ ಗಾಡಿಯ ಸುತ್ತ ಒಂದು ಸುತ್ತು ಬಂದ. ಬೋಲ್ಟುಗಳನ್ನು ಮುಟ್ಟಿದ, ತಂತಿಗಳನ್ನು ಎಳೆದು ನೋಡಿದ, ಒಳ್ಳೆ ಕೆಲಸ, ಭಾರೀ ಒಳ್ಳೆ ಕೆಲಸ ಎಂದ. ಆಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಹಿಂದಿನ ಚಕ್ರದ ಮೇಲೆ ಹೆಬ್ಬೆರಳು ಆಡಿಸಿದ. ಹೊಸ ಟಯರಿನ ಮೇಲೆ ಕೂದಲಿನಂತೆ ಎದ್ದುಕೊಂಡಿರುವ ರಬ್ಬರಿನ ಎಳೆಗಳಿರುತ್ತವಲ್ಲ, ನೆಲ ಕಂಡ ಮೊದಲ ದಿನವೇ ಸವೆದುಹೋಗುವಂಥವು, ಅವೆಲ್ಲ ಹಾಗೆಯೇ ಇದ್ದವು. ರೋಕ್‌ಗೆ ಅದು ಈಗಷ್ಟೇ ಕಂಡಿತು. ಸ್ಯಾಮುವೆಲ್‌ನ ಹೆಬ್ಬೆರಳು ಅವುಗಳ ಮೇಲೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೋಯಿತು.

"ಟಯರ್ ಹೊಸದಾ?"

"ಹ್ಞಾಂ. ಮೊನ್ನೆ ಬದಲಿಸಿದ್ದು."

"ಹಾಗಾ," ಎಂದು ಸ್ಯಾಮುವೆಲ್ ಎದ್ದು ಪ್ಯಾಂಟಿನ ಧೂಳು ಕೊಡವಿಕೊಂಡ. ಭೋಜ ಲಾರಿಯ ಕ್ಯಾಬಿನಿನಲ್ಲಿ ಕುಳಿತು ಬೇರೆ ಕಡೆ ನೋಡುತ್ತಿದ್ದ. ಮೂವರು ಗಂಡಸರು ಮೂರು ದಿಕ್ಕಿಗೆ ನೋಡುತ್ತಿದ್ದ ಆ ಗಳಿಗೆಯಲ್ಲಿ, ಎಲ್ಲ ಹೇಳಿಬಿಟ್ಟರೆ ಏನಾಗುತ್ತದೆ ಎಂದು ರೋಕ್ ಯೋಚಿಸಿದ್ದೂ ಹೌದು. ಏನೂ ಆಗುವುದಿಲ್ಲ. ಸ್ಯಾಮುವೆಲ್ ಬೆನ್ನ ಮೇಲೊಂದು ಗುದ್ದು ಕೊಟ್ಟು ನಗುತ್ತಾನೆ, ಕಾರ್ಮೆಲ್ ನನಗೆ ಮೊದಲೇ ಗೊತ್ತಿತ್ತು ಎನ್ನುತ್ತಾಳೆ. ಆದರೆ ಆಶ್ಲಿ ಅಲ್ಲೇ ಇದ್ದಳು, ಕೂದಲನ್ನು ಬಿಗಿಯಾಗಿ ಕಟ್ಟಿಕೊಳ್ಳುತ್ತ, ಹೇರ್‌ಬ್ಯಾಂಡು ಹಲ್ಲಲ್ಲಿ ಕಚ್ಚಿಕೊಂಡು.

"ನೀನು ಮೊದಲು ಒಂದು ರೌಂಡು ತೋರಿಸು," ಎಂದ ಸ್ಯಾಮುವೆಲ್.

"ನನಗೆ ನಿನ್ನೆಯಿಂದ ಸೊಂಟ ಹಿಡಿದಿದೆ ಮಾರಾಯ. ಬಗ್ಗಲಿಕ್ಕೆ ಆಗುವುದಿಲ್ಲ." ಈಗಷ್ಟೇ ಬಗ್ಗಿ ಗಾಡಿಯ ಒಂದು ತುದಿಯನ್ನು ಎತ್ತಿ ಇಳಿಸಿದ್ದ. ಕಾರ್ಮೆಲ್ ಹುಬ್ಬು ಗಂಟಿಕ್ಕಿದಳು. "ಸೊಂಟವಾ? ನನಗೆ ಹೇಳಲೇ ಇಲ್ಲ." ನರ್ಸ್ ಹೆಂಡತಿಯ ಮುಂದೆ ಇಲ್ಲದ ನೋವು ಹೇಳುವುದು ಎಂಥ ಕಷ್ಟ ಎಂದು ಅವನಿಗೆ ಗೊತ್ತು. "ಸ್ವಲ್ಪ," ಎಂದ. "ನೀನೇ ಹೋಗು ಸ್ಯಾಮ್, ನೀನು ಅತಿಥಿ."

"ನಾನೊಬ್ಬನೇ ಆದ್ರೆ ಹಗುರ ಆಗ್ತದೆ, ಗಾಳಿಗೆ ಒಂದು ಬದಿ ಎತ್ತಿಬಿಡ್ತದೆ. ಆಶ್ಲಿ ಬರ್ತೀಯಾ?" ಅವಳು ಆಗಲೇ ಹತ್ತಿ ಆಗಿತ್ತು. ಸ್ಯಾಮುವೆಲ್ ಒಂದು ಕಾಲು ಗಾಡಿಯ ಮೇಲಿಟ್ಟವನು ತಡೆದು ಬಯಲಿನ ಕಡೆ ನೋಡಿದ. "ನೆಲ ನಡೆದು ನೋಡಿದ್ದೀಯಲ್ಲ?"

ಆ ಪ್ರಶ್ನೆಯ ತೂಕ ರೋಕ್‌ಗೆ ಗೊತ್ತಿತ್ತು. ಸ್ಯಾಮುವೆಲ್ ಎಷ್ಟೋ ಸಲ ಫೋನಿನಲ್ಲಿ ವರ್ಣಿಸಿದ್ದ: ಅಲ್ಲಿ ಯಾರೊಬ್ಬರೂ ನಡೆಯದ ಐಸಿನ ಮೇಲೆ ಬೋಟು ಇಳಿಸುವುದಿಲ್ಲ. ಬೆಳಿಗ್ಗೆ ಮೊದಲು ಬಂದವನು ಕಬ್ಬಿಣದ ಸಲಾಕೆಯಿಂದ ಕುಟ್ಟುತ್ತ, ಸದ್ದು ಕೇಳುತ್ತ, ಸರೋವರದ ಆಚೆ ದಡದವರೆಗೆ ನಡೆದು ಬರುತ್ತಾನೆ. ನಡೆದಿದ್ದೇನೆ ಎಂದು ಅವನು ಹೇಳಿದರೆ ಮುಗಿಯಿತು. ಮತ್ತೆ ಯಾರೂ ಕೇಳುವುದಿಲ್ಲ, ಪರೀಕ್ಷೆ ಮಾಡುವುದಿಲ್ಲ, ಹೆಂಡಿರು ಮಕ್ಕಳನ್ನು ಕೂರಿಸಿಕೊಂಡು ಆ ಮಾತಿನ ಮೇಲೆ ಹೊರಟುಬಿಡುತ್ತಾರೆ. ಬೋಟಿನ ಬಗ್ಗೆ ಬಡಾಯಿ ಕೊಚ್ಚುವವರು ಬೇಕಾದಷ್ಟು ಜನ ಇದ್ದಾರೆ ಮಾರಾಯ, ಐಸಿನ ಬಗ್ಗೆ ಯಾರೂ ಕೊಚ್ಚುವುದಿಲ್ಲ ಎಂದಿದ್ದ. ಸಬ್ಖಾ ಕೂಡ ಐಸಿನ ಜಾತಿಯದ್ದೇ. ಮೇಲೆ ಉಪ್ಪಿನ ಸಿಪ್ಪೆ ಗಟ್ಟಿ, ಕೆಳಗೆ ಕೆಸರು. ಎಲ್ಲಿ ಸಿಪ್ಪೆ ದಪ್ಪ ಎಲ್ಲಿ ತೆಳು ಎಂದು ನಡೆದವನಿಗೆ ಮಾತ್ರ ತಿಳಿದೀತು. ಈ ವಾರ ಮಳೆ ಬೇರೆ ಬಂದಿತ್ತು, ಫರ್ವಾನಿಯಾದಲ್ಲಿ ರಸ್ತೆಗಳೇ ಮುಳುಗಿ ಶಾಲೆಗೆ ರಜೆ ಕೊಟ್ಟಿದ್ದರು. ಇಲ್ಲ, ನಡೆದಿಲ್ಲ, ಈಗ ನಡೆಯುವ ಬಾ ಎಂದರೆ ಸಾಕಿತ್ತು. ಆದರೆ ಹಾಗೆಂದರೆ ಮುಂದಿನ ಪ್ರಶ್ನೆ ಬರುತ್ತದೆ: ಹಾಗಾದ್ರೆ ಇಷ್ಟು ದಿನ ಎಲ್ಲಿ ಓಡಿಸಿದ್ದು?

"ಮತ್ತೆ? ಆ ಟವರುಗಳವರೆಗೆ ನಡೆದಿದ್ದೇನೆ," ಎಂದ ರೋಕ್.

"ಮಳೆ ಬಂದ ಮೇಲೆ?"

"ಮೇಲೆಯೇ."

ಸ್ಯಾಮುವೆಲ್ ತಲೆಯಾಡಿಸಿ ಹತ್ತಿ ಕುಳಿತ. ಆಶ್ಲಿ ಅಪ್ಪನ ಮುಖವನ್ನೊಮ್ಮೆ ನೋಡಿ, ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಭೋಜ ಬಂದು ಹಿಂದಿನಿಂದ ನಾಲ್ಕು ಹೆಜ್ಜೆ ತಳ್ಳಿಕೊಟ್ಟ, ಹಾಯಿ ಪಟಪಟನೆ ಹೊಡೆದುಕೊಂಡು ಥಟ್ಟನೆ ತುಂಬಿತು, ಸದ್ದು ನಿಂತಿತು. ಇಷ್ಟೇ. ತಾನು ತಿಂಗಳುಗಟ್ಟಲೆ ಹೆದರಿದ್ದು ಇಷ್ಟು ಸುಲಭವಾಗಿ ನಡೆದುಹೋಯಿತು. ಗಾಡಿ ಜಾರಿದಂತೆ ಹೋಗುತ್ತಿತ್ತು; ಚಕ್ರಗಳ ಗುರುಗುರು ಸಣ್ಣದಾಗುತ್ತ ಸಣ್ಣದಾಗುತ್ತ, ತಲೆಕೆಳಗಾದ ನಗುಮುಖ ಒಂದು ಬಿಳಿಯ ತುಂಡಾಗಿ, ಆಮೇಲೆ ಉಗುರಿನಷ್ಟಾಯಿತು. ಆಶ್ಲಿಯ ಕೇಕೆ ಗಾಳಿಯಲ್ಲಿ ಒಮ್ಮೆ ಬಂತು. ಅವನ ಕೈಯ ಕೆಲಸ ಓಡುತ್ತಿತ್ತು. ಅಪ್ಪನಿಗೆ ಆಗಬೇಕಾದ ಸಂತೋಷ ಅವನಿಗೆ ಆಗಲಿಲ್ಲ. ಕಾರ್ಮೆಲ್ ಫೋನಿನಲ್ಲಿ ವಿಡಿಯೊ ತೆಗೆಯುತ್ತ, "ಎಷ್ಟು ದೂರ ಹೋಗ್ತಾರೆ ಇವರು?" ಎಂದಳು. ಟವರುಗಳವರೆಗೆ. ಟವರುಗಳವರೆಗೆ ಎಂದು ಅವನೇ ಹೇಳಿದ್ದ. ಇನ್ನೂ ಹತ್ತಿರದ ಏನನ್ನಾದರೂ ಹೇಳಬಹುದಿತ್ತು. ಸುಳ್ಳು ಹೇಳುವಾಗಲೂ ಒಂದು ಮಿತಿ ಬೇಡವೇ.

ಆಗ ಅವನಿಗೆ ಕಂಡಿತು. ಕಂಡಿತೋ, ಭಯವೇ ಕಾಣಿಸಿತೋ. ಟವರುಗಳ ಈಚೆ, ಎಡಕ್ಕೆ, ಬಯಲಿನ ಬಿಳುಪಿನ ನಡುವೆ ಒಂದು ಜಾಗ ಬೇರೆ ಬಣ್ಣಕ್ಕಿತ್ತು. ಒದ್ದೆ ಸಿಮೆಂಟಿನ ಬಣ್ಣ. ಮೋಡದ ನೆರಳಿರಬಹುದು ಎಂದು ತಲೆಯೆತ್ತಿ ನೋಡಿದ, ಆಕಾಶದಲ್ಲಿ ಮೋಡವಿರಲಿಲ್ಲ. ಗಾಡಿ ಆ ಜಾಗದ ಬಲಕ್ಕೆ ದಾಟಿಹೋಗಿತ್ತು, ಟವರಿನ ಬುಡದಲ್ಲಿ ತಿರುಗುತ್ತಿತ್ತು, ತಿರುಗಿದ ಮೇಲೆ ಈಚೆಗೆ ಬರುವ ದಾರಿ ಅದರ ಮೇಲೆಯೇ. ಫೋನು ಮಾಡೋಣವೆಂದರೆ ಸ್ಯಾಮುವೆಲ್‌ನ ಫೋನು ಕಾರಿನಲ್ಲಿ ಚಾರ್ಜಿಗಿಟ್ಟಿದೆ, ಆಶ್ಲಿಯದು ಕಾರ್ಮೆಲ್‌ಳ ಕೈಯಲ್ಲಿದೆ. ರೋಕ್ ಓಡಿದ. "ಎಂತಾಯ್ತು? ಸೊಂಟ ಸೊಂಟ," ಎಂದು ಕಾರ್ಮೆಲ್ ಹಿಂದಿನಿಂದ ಕೂಗುತ್ತಿದ್ದಳು. ಚರ್ಚಿಗೆಂದು ಹಾಕಿಕೊಂಡ ಶೂಗಳು, ಇಸ್ತ್ರಿ ಮಾಡಿದ ಪ್ಯಾಂಟು, ಎಷ್ಟೋ ವರ್ಷಗಳಿಂದ ಓಡದ ದೇಹ. ಉಪ್ಪು ಕಾಲ ಕೆಳಗೆ ಕರಕರನೆ ಒಡೆಯುತ್ತಿತ್ತು ಆದರೆ ಗಟ್ಟಿಯಾಗಿತ್ತು, ಪ್ರತಿ ಹೆಜ್ಜೆಯೂ ಗಟ್ಟಿಯಾಗಿತ್ತು, ಗಟ್ಟಿ ಉಂಟು, ಎಲ್ಲ ಕಡೆ ಗಟ್ಟಿಯೇ ಇರಬಹುದು, ನಾನು ಹೇಳಿದ್ದು ನಿಜವೇ ಆಗಿಬಿಡಬಹುದು ಎಂದು ಓಡುತ್ತಲೇ ಆಸೆಪಟ್ಟ. ಎದುರಿನಿಂದ ಗಾಡಿ ಬರುತ್ತಿತ್ತು. ಉಗುರಿನಷ್ಟಿದ್ದದ್ದು ಕರವಸ್ತ್ರದಷ್ಟಾಗಿ, ಹಾಸಿಗೆಯ ಹೊದಿಕೆಯಷ್ಟಾಗಿ. ಅವನು ಎರಡೂ ಕೈ ಮೇಲೆತ್ತಿ, ಆ ಕಡೆ ಹೋಗಿ, ಆ ಕಡೆ ಎಂದು ಬೀಸಿದ. ಆಶ್ಲಿ ಒಂದು ಕೈ ಎತ್ತಿ ತಿರುಗಿ ಬೀಸಿದಳು. ಅಪ್ಪ ಖುಷಿಯಿಂದ ಎದುರುಗೊಳ್ಳಲು ಬರುತ್ತಿದ್ದಾನೆ ಎಂದುಕೊಂಡಿರಬೇಕು. ಅಷ್ಟರಲ್ಲಿ ಅವನ ಬಲಗಾಲು ಇದ್ದಕ್ಕಿದ್ದಂತೆ ಇಲ್ಲವಾಯಿತು. ಮೊಣಕಾಲಿನವರೆಗೆ ತಣ್ಣನೆಯ ಕೆಸರು. ಮುಗ್ಗರಿಸಿ ಕೈಯೂರಿದರೆ ಕೈಯೂ ಒಳಗೆ. ಎಡಗಾಲಿನಿಂದ ಒತ್ತಿದರೆ ಅದೂ ಇಳಿಯಿತು. ಕೆಸರು ಹಳೆಯ ಮೀನಿನ ಬುಟ್ಟಿಯ ಹಾಗೆ ನಾರುತ್ತಿತ್ತು. "ಬರಬೇಡಿ," ಎಂದು ಕಿರುಚಿದ. "ನಡೆದಿಲ್ಲ, ನ‍ಡೆದಿಲ್ಲ." ಗಾಳಿ ಆ ಮಾತನ್ನು ಅವನ ಬೆನ್ನಿನ ಕಡೆಗೆ ಹೊತ್ತುಕೊಂಡು ಹೋಯಿತು.

ಸ್ಯಾಮುವೆಲ್‌ಗೆ ಮಾತು ಕೇಳಿಸದಿದ್ದರೂ ಮೊಣಕಾಲಿನವರೆಗೆ ಹೂತ ಮನುಷ್ಯ ಕಂಡ. ಗಾಡಿಯನ್ನು ಗಾಳಿಯ ಕಡೆಗೆ ತಿರುಗಿಸಿದ, ತಿರುಗಿತು ಕೂಡ, ಆದರೆ ಹೊರಬದಿಯ ಚಕ್ರ ಮೆತ್ತನೆಯ ಅಂಚಿನೊಳಗೆ ಹೂತು, ಗಾಡಿ ಅದೊಂದನ್ನೇ ಮೊಳೆ ಮಾಡಿಕೊಂಡು ಗರ್ರನೆ ಸುತ್ತಿತು. ಕಂಬ ಲಟಕ್ಕೆಂದು ಮುರಿದು ಹಾಯಿ ಎಲ್ಲವನ್ನೂ ಮುಚ್ಚಿಕೊಂಡಿತು. ಆ ಫ್ಲೆಕ್ಸಿನಡಿಯಿಂದ ಸ್ಯಾಮುವೆಲ್ ಹೊರಬಂದ. ಆಶ್ಲಿ ಬರಲಿಲ್ಲ. ಅವಳು ಆಚೆ, ಗಾಡಿಯಿಂದ ಬಹಳ ದೂರ, ಬಿಳಿಯ ಉಪ್ಪಿನ ಮೇಲೆ ಮುಖ ಕೆಳಗಾಗಿ ಬಿದ್ದಿದ್ದಳು. ರೋಕ್‌ಗೆ ಅವಳಲ್ಲಿಗೆ ಹೋಗಲು ಆಗಲಿಲ್ಲ. ಕಾಲು ಕಿತ್ತಷ್ಟೂ ಇಳಿಯುತ್ತಿತ್ತು. ಮಗಳು ಅಲ್ಲಿ, ಅಪ್ಪ ಇಲ್ಲಿ, ನಡುವೆ ಅವನು ನಡೆದಿದ್ದೇನೆ ಎಂದ ನೆಲ. ಬೇಡಿಕೊಳ್ಳಬೇಕೆಂದರೆ ಏನೂ ಬಾಯಿಗೆ ಬರಲಿಲ್ಲ. ಬೆಳಿಗ್ಗೆಯೆಲ್ಲ ಬೇಡಿಕೊಂಡದ್ದು ಗಾಳಿ ಬೀಸದಿರಲಿ, ಸುಳ್ಳು ಉಳಿಯಲಿ ಎಂಬುದನ್ನೇ ಎಂದು ನೆನಪಾಯಿತು. ಸ್ಯಾಮುವೆಲ್ ಅವಳ ಹತ್ತಿರ ಮೊಣಕಾಲೂರಿ ಏನೋ ಹೇಳುತ್ತಿದ್ದ. ಅವಳ ಒಂದು ಕಾಲು ಮಡಚಿಕೊಂಡಿತು. ಆಮೇಲೆ ಇನ್ನೊಂದು. ಅವಳು ಎದ್ದು ಕುಳಿತಳು.

ಗದ್ದದಡಿಯಲ್ಲಿ ಸೀಳಿದ ಗಾಯ, ಅಂಗೈ ಎರಡೂ ತರಚಿ ಉಪ್ಪು ಮೆತ್ತಿಕೊಂಡಿತ್ತು, ಅಷ್ಟೇ. ಅಷ್ಟೇ ಎನ್ನಲು ಅವನಿಗೆ ಯಾವ ಬಾಯಿ. ಸ್ಯಾಮುವೆಲ್ ಕೆಸರಿನ ಜಾಗವನ್ನು ಸುತ್ತುಹಾಕಿ ಅವಳನ್ನು ಈಚೆಗೆ ಕರೆತಂದು, ಮುರಿದ ಕಂಬದ ತುಂಡನ್ನು ಅಡ್ಡ ಚಾಚಿ ರೋಕ್‌ನನ್ನು ಎಳೆದು ಹೊರಹಾಕಿದ. ಒಂದು ಶೂ ಕೆಸರಿನಲ್ಲೇ ಉಳಿಯಿತು. ಮೂವರೂ ಗಟ್ಟಿ ನೆಲದ ಮೇಲೆ ಉಸಿರು ಬಿಡುತ್ತ ನಿಂತರು. ದೂರದಿಂದ ಕಾರ್ಮೆಲ್ ಫಸ್ಟ್ ಏಡ್ ಪೆಟ್ಟಿಗೆ ಹಿಡಿದು ಬರುತ್ತಿದ್ದಳು, ಭೋಜ ಅವಳ ತೋಳು ಹಿಡಿದು ನಿಲ್ಲಿಸಿ ನೆಲ ತೋರಿಸುತ್ತಿದ್ದ. ಸ್ಯಾಮುವೆಲ್ ರೋಕ್ ಹೂತುಹೋಗಿದ್ದ ಗುಂಡಿಯನ್ನು ನೋಡಿದ, ಬಯಲಿನಲ್ಲಿ ಬೇರೆ ಯಾವ ಹೆಜ್ಜೆಯ ಗುರುತೂ ಇಲ್ಲದ್ದನ್ನು ನೋಡಿದ, ಕೊನೆಗೆ ರೋಕ್‌ನ ಮುಖ ನೋಡಿದ. ಅವನಿಗೆ ಎಲ್ಲ ತಿಳಿದಿದೆ, ಟಯರು ಮುಟ್ಟಿದಾಗಲೇ ಅರ್ಧ ತಿಳಿದಿತ್ತು ಎಂದು ರೋಕ್‌ಗೆ ಸ್ಪಷ್ಟವಾಯಿತು.

"ಮಳೆಯ ಕೆಲಸ," ಎಂದ ಸ್ಯಾಮುವೆಲ್ ಮೆಲ್ಲಗೆ. "ನೀನು ನಡೆದಾಗ ಗಟ್ಟಿ ಇದ್ದಿರಬೇಕು. ಆಮೇಲೆ ಅಡಿಯಿಂದ ನೀರು ಎದ್ದಿದೆ. ನಮ್ಮಲ್ಲೂ ಹೀಗಾಗ್ತದೆ ಮಾರಾಯ."

ಸೀದ ಅನ್ನವನ್ನು ಚೆನ್ನಾಗಿ ಉಂಟು ಎನ್ನುವ ಅದೇ ದನಿ. ಬಾಗಿಲು ತೆರೆದುಕೊಟ್ಟಿದ್ದ, ಒಳಗೆ ಹೋಗಬಾರದು, ಇಲ್ಲ ಎನ್ನಬೇಕು ಎಂದು ರೋಕ್‌ಗೆ ಗೊತ್ತಿತ್ತು. ಎದುರಿಗೆ ಮಗಳ ಗದ್ದದಿಂದ ರಕ್ತ ತೊಟ್ಟಿಕ್ಕುತ್ತಿತ್ತು.

"ಹ್ಞಾಂ," ಎಂದ. "ಮೊನ್ನೆ ಗಟ್ಟಿ ಇತ್ತು."

ಆಶ್ಲಿ ದುಪ್ಪಟ್ಟದ ತುದಿಯನ್ನು ಗದ್ದಕ್ಕೆ ಒತ್ತಿಕೊಂಡಿದ್ದಳು. ಅವನ ಹತ್ತಿರ ಬಂದಳು. ಮನೆಯಲ್ಲಿ ಎಷ್ಟು ಬೇಡಿಕೊಂಡರೂ ಆಡದ ಕೊಂಕಣಿಯಲ್ಲಿ, ಸ್ಯಾಮುವೆಲ್‌ಗೆ ಅರ್ಥವಾಗದ ಹಾಗೆ, ಸಣ್ಣ ದನಿಯಲ್ಲಿ ಮಾತಾಡಿದಳು.

"ನೀನು ಇದನ್ನ ಒಂದು ದಿನವೂ ಓಡಿಸಿಲ್ಲ ಅಂತ ನನಗೆ ಗೊತ್ತಿತ್ತು ಪಪ್ಪಾ. ಅದು ಪರವಾಗಿಲ್ಲ ಅಂದ್ಕೊಂಡಿದ್ದೆ. ನಡೆದಿದ್ದೇನೆ ಅಂದಿಯಲ್ಲ, ಅದನ್ನ ನಂಬಿ ಹತ್ತಿದೆ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನು ಏನಾದರೂ ಹೇಳುತ್ತಿದ್ದ, ತಿರುಗಿ ಬೈಯುತ್ತಲೂ ಇದ್ದ. ಅವಳು ಅಷ್ಟು ಹೇಳಿ, ಅಮ್ಮ ನಿಂತ ಕಡೆಗೆ ತಿರುಗಿ ಹೊರಟಳು. ಸ್ಯಾಮುವೆಲ್ ಬಗ್ಗಿ ಹಾಯಿಯ ಹಗ್ಗ ಸುತ್ತತೊಡಗಿದ, ಸುತ್ತುವಂಥದ್ದು ಅಲ್ಲಿ ಏನೂ ಇಲ್ಲದಿದ್ದರೂ. ರೋಕ್ ಒಂಟಿ ಶೂವಿನಲ್ಲಿ ನಿಂತು ನೋಡುತ್ತಿದ್ದ. ಅವನು ಓಡಿಬಂದ ಹೆಜ್ಜೆಗಳು ಉಪ್ಪಿನ ಮೇಲೆ ಕಾರಿನವರೆಗೂ ಸಾಲಾಗಿ, ಒಂದೂ ತಪ್ಪದೆ ಕಾಣುತ್ತಿದ್ದವು.

"ಆಶ್ಲಿ," ಎಂದು ಕರೆದ. "ಆ ಕಡೆ ಎಲ್ಲ ಗಟ್ಟಿ ಉಂಟು ಮಗಳೇ. ನನ್ನ ಹೆಜ್ಜೆಯ ಮೇಲೆಯೇ ಸೀದಾ ನಡಿ. ಈಗ ಅಲ್ಲೇ ಓಡಿ ಬಂದದ್ದು ನಾನು."

ಅದು ನಿಜವಾಗಿತ್ತು. ಅವಳಿಗೆ ಕೇಳಿಸಿತು, ತಿರುಗಿ ನೋಡದೆಯೇ ತಲೆಯಾಡಿಸಿದಳು ಕೂಡ. ಆದರೂ ಪ್ರತಿ ಹೆಜ್ಜೆಗೂ ಮುಂಚೆ ಕಾಲಿನ ತುದಿಯಿಂದ ನೆಲವನ್ನು ಒತ್ತಿ, ತಡೆದು, ಆಮೇಲೆ ಭಾರ ಬಿಟ್ಟು, ಆ ಗಟ್ಟಿ ನೆಲದ ಮೇಲೆ ಬಹಳ ನಿಧಾನವಾಗಿ ಹೋಗುತ್ತಿದ್ದಳು.